ಅಂಗಡಿಯವರೇ ಸೂಪರ್ ಮಾರ್ಕೆಟ್ ಕ್ಯೂನಲ್ಲಿ: ಒಂದೇ ಸೋಪಿನ ಪುಡಿಗೆ ಎರಡು ಬೆಲೆ ಯಾಕೆ?

ಕಳೆದ ಬಾರಿ ತುಮಕೂರಿಗೆ ಹೋದಾಗ ಮಾವ ನನ್ನನ್ನ ಶಾಪಿಂಗಿಗೆ ಕರ್ಕೊಂಡು ಹೋದರು. ಇದರಲ್ಲೇನು ವಿಶೇಷ ಅಂತೀರಾ? ನಮ್ಮ ಮಾವನದ್ದೇ ಒಂದು ದಿನಸಿ ಅಂಗಡಿ ಇದೆ. ನಾನು ತುಮಕೂರಿನಲ್ಲಿ ಇಂಜಿನಿಯರಿಂಗ್ ಓದಿದ ನಾಲ್ಕು ವರ್ಷವೂ ಅವರ ಮನೆಯಲ್ಲೇ ಇದ್ದೆ. ಸಂಜೆ ಹೊತ್ತು ಗಲ್ಲಾಪೆಟ್ಟಿಗೆ ಹಿಂದೆ ಕೂತು, ಬೇಳೆ ತೂಗಿ ಪೊಟ್ಟಣ ಕಟ್ಟಿ, ಸಾಲದ ಪುಸ್ತಕ ಬರೆದವನು ನಾನು. ಅಂಥ ಮಾವ ಸ್ಕೂಟರ್ ಹತ್ತಿಸಿಕೊಂಡು ಹೋಗಿದ್ದು ರಿಂಗ್ ರೋಡ್ ಕಡೆಯ ದೊಡ್ಡ ಸೂಪರ್ ಮಾರ್ಕೆಟ್ಟಿಗೆ. ಟ್ರಾಲಿ ತಗೊಂಡು ಸೀದಾ ಬಟ್ಟೆ ಸೋಪಿನ ಪುಡಿ ಇರೋ ಕಡೆ ನಡೆದರು. ನಾಲ್ಕು ಪ್ಯಾಕೆಟ್ ತಮ್ಮ ಟ್ರಾಲಿಗೆ ಹಾಕಿಕೊಂಡು, ಇನ್ನು ನಾಲ್ಕು ನನ್ನ ಕೈಗೆ ಕೊಟ್ಟರು.

"ಒಬ್ರಿಗೆ ನಾಕೇ ಕೊಡೋದು ಕಣೋ. ನೀನು ಬೇರೆ ಕ್ಯೂನಲ್ಲಿ ನಿಂತ್ಕೋ. ನನ್ನ ಜೊತೆ ಬಂದಿದೀಯ ಅಂತ ತೋರಿಸ್ಕೋಬೇಡ" ಅಂದರು.

ಹೊರಗೆ ಬಂದ ಮೇಲೆ ಲೆಕ್ಕ ಹೇಳಿದರು. ಆ ಪ್ಯಾಕೆಟ್ಟಿನ ಎಂಆರ್‌ಪಿ 250 ರೂಪಾಯಿ. ಡಿಸ್ಟ್ರಿಬ್ಯೂಟರ್ ಮಾವನಿಗೆ ಅದನ್ನ ಕೊಡೋದು 228ಕ್ಕೆ. ಸೂಪರ್ ಮಾರ್ಕೆಟ್ ಅದನ್ನ ಯಾರಿಗೆ ಬೇಕಾದರೂ ಮಾರ್ತಿರೋದು 209ಕ್ಕೆ. ಅಂದರೆ ಮಾವ ಅಂಗಡಿಗೆ ಸರಕು ತರಿಸೋ ರೇಟಿಗಿಂತ ಅಲ್ಲಿ ಗ್ರಾಹಕ ಕೊಳ್ಳೋ ರೇಟು 19 ರೂಪಾಯಿ ಕಡಿಮೆ! ಎಂಟು ಪ್ಯಾಕೆಟ್ಟಿಗೆ 152 ರೂಪಾಯಿ ಉಳೀತು. ಅದಕ್ಕೋಸ್ಕರ 58 ವರ್ಷದ ಮನುಷ್ಯ, ತನಗೆ ಗೊತ್ತಿರೋರು ಯಾರಾದರೂ ನೋಡಿಬಿಟ್ಟಾರೇನೋ ಅಂತ ತಲೆ ತಗ್ಗಿಸಿ ಕ್ಯೂನಲ್ಲಿ ನಿಂತಿದ್ದರು.

ದೊಡ್ಡ ಮಳಿಗೆ, ಸಣ್ಣ ಅಂಗಡಿ ಅಂತ ಮಾತು ಬಂದಾಗೆಲ್ಲ ನಾವು ಎರಡೇ ಎರಡು ವಾದ ಕೇಳ್ತೀವಿ. ಒಂದು, "ಅವರು ಕಡಿಮೆಗೆ ಕೊಡ್ತಾರೆ, ನಾವು ತಗೋತೀವಿ, ತಪ್ಪೇನು?" ಇನ್ನೊಂದು, "ನಮ್ಮ ಬೀದಿ ಅಂಗಡಿ ಉಳಿಸಿ, ಅಲ್ಲೇ ಕೊಳ್ಳಿ". ಈ ಎರಡೂ ವಾದ ಶುರುವಾಗೋದು ನಾವು ಅಂಗಡಿಯೊಳಗೆ ಕಾಲಿಟ್ಟ ಮೇಲೆ. ಆದರೆ ಯಾರು ಗೆಲ್ತಾರೆ ಅನ್ನೋದು ಸರಕು ಅಂಗಡಿಗೆ ಬರೋ ಮೊದಲೇ ತೀರ್ಮಾನ ಆಗಿರುತ್ತೆ. ಇವತ್ತು ಆ ಹಿಂದಿನ ಲೆಕ್ಕವನ್ನ ಸ್ವಲ್ಪ ಬಿಡಿಸಿ ನೋಡೋಣ.

ಒಂದು ಪ್ಯಾಕೆಟ್, ಎರಡು ದಾರಿ

ಪ್ಯಾಕೆಟ್ ಮೇಲೆ ಅಚ್ಚಾಗಿರೋ ಎಂಆರ್‌ಪಿ ಎಲ್ಲರಿಗೂ ಒಂದೇ. ತೆರಿಗೆಯೆಲ್ಲ ಸೇರಿ ಅದಕ್ಕಿಂತ ಹೆಚ್ಚಿಗೆ ಮಾರೋ ಹಾಗಿಲ್ಲ ಅನ್ನುತ್ತೆ ಕಾನೂನು. ಆದರೆ ಅದಕ್ಕಿಂತ ಎಷ್ಟು ಕಡಿಮೆಗೆ ಮಾರಬಹುದು, ಕಂಪನಿ ಯಾವ ಅಂಗಡಿಗೆ ಯಾವ ರೇಟಿಗೆ ಕೊಡಬೇಕು, ಇದರ ಬಗ್ಗೆ ಪ್ಯಾಕೆಟ್ ಏನೂ ಹೇಳಲ್ಲ. ಗ್ರಾಹಕರಿಗೆ ಕಾಣೋದು ಮಾರಾಟದ ಬೆಲೆ ಮಾತ್ರ. ಖರೀದಿ ಬೆಲೆ ಕಾಣಲ್ಲ.

ಮಾವನ ಅಂಗಡಿಗೆ ಸರಕು ಬರೋ ದಾರಿ ಉದ್ದ. ಕಂಪನಿಯ ಗೋಡೌನ್, ಅಲ್ಲಿಂದ ಊರಿನ ಡಿಸ್ಟ್ರಿಬ್ಯೂಟರ್, ಅವರ ಕಡೆಯ ಸೇಲ್ಸ್‌ಮ್ಯಾನ್ ವಾರಕ್ಕೊಮ್ಮೆ ಬಂದು ಆರ್ಡರ್ ಬರ್ಕೊಂಡು ಹೋಗೋದು, ಮಾರನೇ ದಿನ ಟೆಂಪೋದಲ್ಲಿ ಮಾಲು ಬರೋದು. ಪ್ರತಿ ಹಂತದಲ್ಲೂ ಸ್ವಲ್ಪ ಸ್ವಲ್ಪ ಮಾರ್ಜಿನ್ ಇರುತ್ತೆ. ದೊಡ್ಡ ಮಳಿಗೆಗಳದ್ದು ಗಿಡ್ಡ ದಾರಿ. ಕಂಪನಿಯ ಜೊತೆ ನೇರ ಒಪ್ಪಂದ, ಲಾರಿಗಟ್ಟಲೆ ಮಾಲು, ನೇರ ಅವರ ಗೋಡೌನಿಗೆ. ವ್ಯಾಪಾರದ ಭಾಷೆಯಲ್ಲಿ ಮಾವನದ್ದು 'ಜನರಲ್ ಟ್ರೇಡ್', ಇವರದ್ದು 'ಮಾಡರ್ನ್ ಟ್ರೇಡ್'.

ನನ್ನೊಳಗಿನ ಇಂಜಿನಿಯರ್ ಆ 19 ರೂಪಾಯಿಯನ್ನ ಬಿಡಿ ಬಿಡಿ ಮಾಡಿ ನೋಡು ಅಂತಾನೆ. ಬಿಡಿಸಿದರೆ ಮೂರು ಬೇರೆ ಬೇರೆ ಸಂಗತಿ ಸಿಗ್ತವೆ.

ಮೊದಲನೇದು, ನಿಜವಾದ ಉಳಿತಾಯ. ಒಂದು ಲಾರಿ ಮಾಲನ್ನ ಒಂದೇ ಕಡೆ ಇಳಿಸೋಕೂ, ಅದೇ ಮಾಲನ್ನ ಇನ್ನೂರು ಅಂಗಡಿಗೆ ಹಂಚೋಕೂ ಖರ್ಚಿನಲ್ಲಿ ವ್ಯತ್ಯಾಸ ಇದ್ದೇ ಇರುತ್ತೆ. ಡಿ-ಮಾರ್ಟ್ ಉದಾಹರಣೆ ತಗೊಳ್ಳಿ. 2002ರಲ್ಲಿ ಮುಂಬೈನ ಪವಾಯಿಯಲ್ಲಿ ಮೊದಲ ಮಳಿಗೆ ತೆರೆದ ಈ ಕಂಪನಿ, ಬಹುಪಾಲು ಜಾಗವನ್ನ ಬಾಡಿಗೆಗೆ ತಗೊಳ್ಳದೆ ತಾನೇ ಕೊಂಡುಕೊಳ್ತಾ ಬಂತು. ಪೂರೈಕೆದಾರರಿಗೆ ಬೇಗ ದುಡ್ಡು ಕೊಡುತ್ತೆ ಅನ್ನೋ ಹೆಸರಿದೆ, ಹಾಗಾಗಿ ಅವರೂ ರೇಟು ಇಳಿಸ್ತಾರೆ. 2024-25ರಲ್ಲಿ ಸುಮಾರು 59,358 ಕೋಟಿ ರೂಪಾಯಿ ವಹಿವಾಟು, 2,707 ಕೋಟಿ ಲಾಭ. ಅಂದರೆ ನೂರಕ್ಕೆ ನಾಲ್ಕೂವರೆ ರೂಪಾಯಿ. ಇದು ಕೊಳ್ಳೆ ಲಾಭ ಅಲ್ಲ. ಕಡಿಮೆ ಲಾಭ, ಜಾಸ್ತಿ ಮಾರಾಟ ಅನ್ನೋ ಹಳೇ ವ್ಯಾಪಾರದ ಬುದ್ಧಿಯೇ. ಈ ಪಾಲನ್ನ ನಾವು ಒಪ್ಪಲೇಬೇಕು.

ಎರಡನೇದು, ತೋಳ್ಬಲ. ಖರ್ಚು ಉಳಿದಿದ್ದಕ್ಕೆ ಸಿಗೋ ರಿಯಾಯಿತಿ ಬೇರೆ, "ನಾವು ಕೇಳಿದ ರೇಟಿಗೆ ಕೊಡದಿದ್ದರೆ ನಿಮ್ಮ ಮಾಲು ನಮ್ಮಲ್ಲಿ ಇಡಲ್ಲ" ಅಂತ ಹೇಳೋ ತಾಕತ್ತಿಗೆ ಸಿಗೋ ರಿಯಾಯಿತಿ ಬೇರೆ. ಮಾವ ಹೀಗೆ ಹೇಳಿದರೆ ಸೇಲ್ಸ್‌ಮ್ಯಾನ್ ನಕ್ಕು ಪಕ್ಕದ ಅಂಗಡಿಗೆ ಹೋಗ್ತಾನೆ. ನೂರಾರು ಮಳಿಗೆ ಇರೋ ಕಂಪನಿ ಹೇಳಿದರೆ ಮ್ಯಾನೇಜರ್ ವಿಮಾನ ಹತ್ತಿ ಬರ್ತಾರೆ.

ಮೂರನೇದು, ಬೇರೆಯವರ ದುಡ್ಡು. ಇದು ಹತ್ತು ನಿಮಿಷದಲ್ಲಿ ಮನೆಗೆ ತಲುಪಿಸೋ ಆ್ಯಪ್‌ಗಳ ಕತೆ. ಬೆಂಗಳೂರಿನದ್ದೇ ಕಂಪನಿ ಸ್ವಿಗ್ಗಿ 2024-25ರಲ್ಲಿ ತೋರಿಸಿದ ನಷ್ಟ ಸುಮಾರು 3,117 ಕೋಟಿ ರೂಪಾಯಿ. ಅದರಲ್ಲಿ ದಿನಸಿ ತಲುಪಿಸೋ ಇನ್‌ಸ್ಟಾಮಾರ್ಟ್ ವಿಭಾಗದ ಪಾಲು ದೊಡ್ಡದು. ಭಾಗಿಸಿ ನೋಡಿ, ದಿನಕ್ಕೆ ಎಂಟೂವರೆ ಕೋಟಿ. ಇಷ್ಟು ಕಳ್ಕೊಂಡೂ ನಾಳೆ ಬೆಳಗ್ಗೆ ಬಾಗಿಲು ತೆಗೆಯೋಕೆ ಹೂಡಿಕೆದಾರರ ಬೆಂಬಲ ಬೇಕು. ಮಾವ ಎರಡು ತಿಂಗಳು ಸತತ ನಷ್ಟ ಮಾಡಿದರೆ ಅತ್ತೆಯ ಬಳೆ ಅಡ ಇಡಬೇಕು. ಇಬ್ಬರೂ ಒಂದೇ ಆಟ ಆಡ್ತಿದ್ದಾರೆ ಅಂತ ಹೇಗೆ ಹೇಳೋದು?

ನಮ್ಮ ಚರ್ಚೆಯಲ್ಲಿ ಈ ಮೂರನ್ನೂ ಸೇರಿಸಿ 'ದಕ್ಷತೆ' ಅಂತ ಒಂದೇ ಹೆಸರಿಟ್ಟು ಕರೀತೀವಿ. ಅಲ್ಲಿಂದಲೇ ಗೊಂದಲ ಶುರು.

ನಾವು ಬಾವುಟ ನೋಡಿದೆವು, ಬಿಲ್ ನೋಡಲಿಲ್ಲ

2012ರ ಸೆಪ್ಟೆಂಬರ್ ನೆನಪಿದೆಯಾ? ಚಿಲ್ಲರೆ ವ್ಯಾಪಾರದಲ್ಲಿ ಶೇ. 51ರಷ್ಟು ವಿದೇಶಿ ನೇರ ಬಂಡವಾಳಕ್ಕೆ ಯುಪಿಎ ಸರ್ಕಾರ ಅನುಮತಿ ಕೊಟ್ಟಾಗ ದೇಶದಾದ್ಯಂತ ಬಂದ್ ಆಗಿತ್ತು. ಕನಿಷ್ಠ ಹತ್ತು ಕೋಟಿ ಡಾಲರ್ ಹೂಡಬೇಕು, ಶೇ. 30ರಷ್ಟು ಸರಕನ್ನ ಸಣ್ಣ ಉದ್ಯಮಗಳಿಂದ ಕೊಳ್ಳಬೇಕು, ಬೇಕೋ ಬೇಡವೋ ರಾಜ್ಯಗಳೇ ತೀರ್ಮಾನಿಸಲಿ ಅನ್ನೋ ಷರತ್ತುಗಳಿದ್ದವು. ಒಪ್ಪಿದ ರಾಜ್ಯಗಳ ಪಟ್ಟಿಯಲ್ಲಿ ಮುಂದೆ ಕರ್ನಾಟಕವೂ ಸೇರಿತು. ವಾಲ್‌ಮಾರ್ಟ್ ಬರುತ್ತೆ, ನಮ್ಮ ಅಂಗಡಿಗಳನ್ನ ನುಂಗುತ್ತೆ ಅನ್ನೋದು ಆಗಿನ ಭಯ.

ವಾಲ್‌ಮಾರ್ಟ್ ಹಲಗೆ ಹಾಕಿಕೊಂಡ ದಿನಸಿ ಮಳಿಗೆ ನಮ್ಮ ಬೀದಿಗೆ ಬರಲಿಲ್ಲ. ಅದು 2018ರಲ್ಲಿ ಸುಮಾರು 1,600 ಕೋಟಿ ಡಾಲರ್ ಕೊಟ್ಟು ಬೆಂಗಳೂರಿನ ಫ್ಲಿಪ್‌ಕಾರ್ಟನ್ನೇ ಕೊಂಡುಕೊಂಡಿತು. ವಿದೇಶಿ ಬಂಡವಾಳ ಇರೋ ಆನ್‌ಲೈನ್ ತಾಣಗಳು ಸರಕನ್ನ ತಾವೇ ಇಟ್ಟುಕೊಂಡು ಮಾರುವಂತಿಲ್ಲ, ಬೆಲೆ ಮೇಲೆ ಪ್ರಭಾವ ಬೀರುವಂತಿಲ್ಲ ಅನ್ನೋ ನಿಯಮಗಳನ್ನ 2019ರ ಫೆಬ್ರವರಿಯಿಂದ ಕೇಂದ್ರ ಇನ್ನಷ್ಟು ಬಿಗಿ ಮಾಡಿತು. ಆದರೆ ಈ ಯಾವ ಷರತ್ತೂ ದೇಶೀ ಬಂಡವಾಳದ ದೊಡ್ಡ ಕಂಪನಿಗಳಿಗೆ ಅನ್ವಯಿಸಲ್ಲ.

ಇನ್ನೊಂದು ಉದಾಹರಣೆ ನಮ್ಮ ಕಣ್ಣೆದುರಿನದ್ದೇ. ಜರ್ಮನಿಯ ಮೆಟ್ರೋ ಕಂಪನಿ 2003ರಲ್ಲಿ ಭಾರತದಲ್ಲಿ ಮೊದಲು ಬಾಗಿಲು ತೆರೆದಿದ್ದು ಬೆಂಗಳೂರಿನಲ್ಲಿ. ಅದು ಸಗಟು ಮಳಿಗೆ. ಅಂಗಡಿ, ಹೋಟೆಲ್ ನಡೆಸೋರು ಕಾರ್ಡ್ ತೋರಿಸಿ ಹೋಲ್‌ಸೇಲ್ ರೇಟಿಗೆ ಮಾಲು ತರಬಹುದಿತ್ತು. ಆಗ ಅದನ್ನೂ 'ವಿದೇಶಿ' ಅಂತ ವಿರೋಧಿಸಿದವರಿದ್ದರು. 2022ರ ಡಿಸೆಂಬರಿನಲ್ಲಿ ಅದರ ಭಾರತದ ವ್ಯಾಪಾರವನ್ನ 2,850 ಕೋಟಿ ರೂಪಾಯಿಗೆ ರಿಲಯನ್ಸ್ ರೀಟೇಲ್ ಕೊಳ್ಳೋದಾಗಿ ಘೋಷಿಸಿತು, ಮರುವರ್ಷ ವ್ಯವಹಾರ ಮುಗೀತು. ಈಗ ಸಣ್ಣ ಅಂಗಡಿಯವರಿಗೆ ಸಗಟು ಮಾರೋ ಆ ಮಳಿಗೆಯೂ, ಅದೇ ಅಂಗಡಿಯವರಿಗೆ ಪೈಪೋಟಿ ಕೊಡೋ ಚಿಲ್ಲರೆ ಮಳಿಗೆಗಳೂ ಒಂದೇ ಮನೆತನದ ಕೈಯಲ್ಲಿವೆ. ಸ್ವದೇಶಿ ಆಯಿತು ಅಂತ ಖುಷಿಪಡೋಣವಾ?

ಬಾವುಟ ಯಾವುದು ಅನ್ನೋದು ಮಾವನಿಗೆ ಮುಖ್ಯ ಅಲ್ಲ. ಅವರಿಗೆ ಬೇಕಿರೋದು ಒಂದೇ ಒಂದು ಉತ್ತರ: ಅದೇ ಪ್ಯಾಕೆಟ್ ನನಗೆ 228, ಅವರಿಗೆ ಎಷ್ಟಕ್ಕೆ? ಯಾಕೆ?

ಈ ಪ್ರಶ್ನೆ ಒಮ್ಮೆ ದೊಡ್ಡ ದನಿಯಲ್ಲೇ ಎದ್ದಿತ್ತು. 2021ರ ಕೊನೆಗೆ ಅಖಿಲ ಭಾರತ ಮಟ್ಟದ ಡಿಸ್ಟ್ರಿಬ್ಯೂಟರ್‌ಗಳ ಒಕ್ಕೂಟ ದೊಡ್ಡ ಗ್ರಾಹಕ ವಸ್ತು ಕಂಪನಿಗಳಿಗೆ ಪತ್ರ ಬರೆದು, ಕಾರ್ಪೊರೇಟ್ ಬಿ-ಟು-ಬಿ ಕಂಪನಿಗಳಿಗೆ ಕೊಡೋ ರೇಟೇ ನಮಗೂ ಕೊಡಿ, ಇಲ್ಲದಿದ್ದರೆ 2022ರ ಜನವರಿ 1ರಿಂದ ಅಸಹಕಾರ ಮಾಡ್ತೀವಿ ಅಂತ ಎಚ್ಚರಿಕೆ ಕೊಟ್ಟಿತ್ತು. ಮಹಾರಾಷ್ಟ್ರದಲ್ಲಿ ಕೆಲವು ಬ್ರಾಂಡ್‌ಗಳ ಪೂರೈಕೆ ನಿಲ್ಲಿಸೋ ಮಟ್ಟಕ್ಕೂ ಹೋಯಿತು. ಮಾತುಕತೆ ಆಯಿತು, ಸುದ್ದಿ ತಣ್ಣಗಾಯಿತು. ಮೂಲ ಪ್ರಶ್ನೆ ಹಾಗೇ ಉಳೀತು.

ಕಾನೂನು ಎಲ್ಲಿದೆ?

"ಹೀಗೆ ಒಬ್ಬೊಬ್ಬರಿಗೆ ಒಂದೊಂದು ರೇಟು ಮಾಡೋಕೆ ಕಾನೂನು ಬಿಡುತ್ತಾ?" ಅಂತ ಮಾವ ಕೇಳಿದರು. ಬಿಡುತ್ತೆ.

ನಮ್ಮ ಸ್ಪರ್ಧಾ ಕಾಯ್ದೆ, 2002ರ ನಾಲ್ಕನೇ ಸೆಕ್ಷನ್, ತಾರತಮ್ಯದ ಬೆಲೆಯನ್ನೂ ಎದುರಾಳಿಯನ್ನ ಮುಗಿಸೋಕೆ ವೆಚ್ಚಕ್ಕಿಂತ ಕಡಿಮೆಗೆ ಮಾರೋದನ್ನೂ ತಪ್ಪು ಅನ್ನುತ್ತೆ. ಆದರೆ ಒಂದು ಷರತ್ತು ಇದೆ. ಹಾಗೆ ಮಾಡೋ ಕಂಪನಿ ಆ ಮಾರುಕಟ್ಟೆಯಲ್ಲಿ 'ಪ್ರಬಲ ಸ್ಥಾನ'ದಲ್ಲಿ ಇರಬೇಕು. ಸೋಪಿನ ಪುಡಿ ಮಾಡೋ ಕಂಪನಿಗಳು ನಾಲ್ಕಾರಿವೆ, ಆ್ಯಪ್‌ಗಳು ಮೂರ್ನಾಲ್ಕಿವೆ. ಯಾರೊಬ್ಬರನ್ನೂ ಪ್ರಬಲ ಅಂತ ಸಾಬೀತು ಮಾಡೋದು ಕಷ್ಟ. ಎಲ್ಲರೂ ಸೇರಿ ಅದೇ ಕೆಲಸ ಮಾಡಿದರೆ, 'ಸಾಮೂಹಿಕ ಪ್ರಾಬಲ್ಯ' ಅನ್ನೋ ಪರಿಕಲ್ಪನೆ ಈ ಕಾಯ್ದೆಯಲ್ಲಿಲ್ಲ. ಹಾಗಾಗಿ ಕಾನೂನು ಪುಸ್ತಕದಲ್ಲಿದೆ, ಮಾವನಿಗೆ ಉಪಯೋಗಕ್ಕಿಲ್ಲ.

ದೊಡ್ಡ ಮಳಿಗೆಗಳ ತವರು ಅಮೆರಿಕ ಈ ಪ್ರಶ್ನೆಯನ್ನ ಬೇರೆ ಥರ ನೋಡಿತ್ತು. ಎ ಆಂಡ್ ಪಿ ಅನ್ನೋ ದಿನಸಿ ಸರಪಳಿ ಅಲ್ಲಿನ ಸಣ್ಣ ಅಂಗಡಿಗಳನ್ನ ಹಿಂಡುತ್ತಿದ್ದ ಕಾಲದಲ್ಲಿ, 1936ರಲ್ಲಿ, ರಾಬಿನ್ಸನ್-ಪ್ಯಾಟ್‌ಮನ್ ಕಾಯ್ದೆ ಬಂತು. ಅದರ ತಿರುಳು ಸರಳ: ಪೈಪೋಟಿಯಲ್ಲಿರೋ ಇಬ್ಬರು ವ್ಯಾಪಾರಿಗಳಿಗೆ ಒಂದೇ ಮಾಲನ್ನ ಬೇರೆ ಬೇರೆ ರೇಟಿಗೆ ಕೊಟ್ಟು ಪೈಪೋಟಿಗೆ ಪೆಟ್ಟು ಕೊಡಬಾರದು. ದೊಡ್ಡ ಪ್ರಮಾಣದಿಂದ ನಿಜವಾಗಿ ಖರ್ಚು ಉಳಿದಿದ್ದರೆ, ಆ ಉಳಿತಾಯದ ಮಟ್ಟಿಗೆ ರಿಯಾಯಿತಿ ಕೊಡಬಹುದು. ಅಂದರೆ ನಾನು ಮೇಲೆ ಹೇಳಿದ ಮೊದಲನೇ ಪಾಲಿಗೆ ಅನುಮತಿ, ಎರಡನೇ ಪಾಲಿಗೆ ಕಡಿವಾಣ.

ವಾಲ್‌ಮಾರ್ಟ್ ಮೊದಲ ಮಳಿಗೆ ತೆರೆದಿದ್ದು 1962ರಲ್ಲಿ. 1980ರ ದಶಕದಿಂದ ಅಮೆರಿಕ ಸರ್ಕಾರ ಈ ಕಾಯ್ದೆಯನ್ನ ಬಳಸೋದನ್ನೇ ಹೆಚ್ಚುಕಡಿಮೆ ಬಿಟ್ಟಿತು. ದೊಡ್ಡ ಮಳಿಗೆಗಳು ಊರೂರಿಗೆ ಹಬ್ಬಿದ ಕಾಲವೂ ಅದೇ. ಅದೊಂದೇ ಕಾರಣ ಅಂತ ನಾನು ಹೇಳಲ್ಲ, ಹೆದ್ದಾರಿ, ಕಾರು, ಕಂಪ್ಯೂಟರ್ ಎಲ್ಲದರ ಪಾಲೂ ಇದೆ. 2025ರ ಜನವರಿಯಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಇದೇ ಹಳೇ ಕಾಯ್ದೆ ಹಿಡಿದು, ಒಂದು ದೊಡ್ಡ ಮಳಿಗೆಗೆ ಮಾತ್ರ ವಿಶೇಷ ಅನುಕೂಲ ಮಾಡಿಕೊಡ್ತಿದೆ ಅಂತ ಪೆಪ್ಸಿ ಮೇಲೆ ಕೇಸ್ ಹಾಕಿತು. ಸರ್ಕಾರ ಬದಲಾಯಿತು, ಮೇ ತಿಂಗಳಲ್ಲಿ ಕೇಸ್ ವಾಪಸ್ ಆಯಿತು. ಕಾನೂನು ಇದ್ದರಷ್ಟೇ ಸಾಲದು ಅನ್ನೋದಕ್ಕೂ ಇದೇ ಪಾಠ.

ಪೂರ್ತಿ ಎಂಆರ್‌ಪಿ ಕೊಡೋರು ಯಾರು?

ಇಲ್ಲಿ ಗ್ರಾಹಕರ ಕಡೆಯಿಂದ ನೋಡೋಣ. ಸೂಪರ್ ಮಾರ್ಕೆಟ್ಟಿನಲ್ಲಿ ರಿಯಾಯಿತಿ ಸಿಗೋದು ದೊಡ್ಡ ಪ್ಯಾಕೆಟ್ಟಿಗೆ. ಐದು ಕೆ.ಜಿ. ಅಕ್ಕಿ, ಎರಡು ಕೆ.ಜಿ. ಸೋಪಿನ ಪುಡಿ, ಒಂದು ಕೊಂಡರೆ ಒಂದು ಉಚಿತ. ತಿಂಗಳ ಸಂಬಳ ಇರೋರು, ಫ್ರಿಜ್ಜು, ಡಬ್ಬ ಇಡೋ ಜಾಗ, ಗಾಡಿ ಇರೋರು 'ತಿಂಗಳ ಸಾಮಾನು' ತರ್ತಾರೆ. ದಿನಗೂಲಿ ಸಿಗೋರು 'ದಿನದ ಸಾಮಾನು' ತರ್ತಾರೆ: ಹತ್ತು ರೂಪಾಯಿ ಕಾಫಿಪುಡಿ, ಎರಡು ರೂಪಾಯಿ ಶಾಂಪೂ, ಕಾಲು ಕೆ.ಜಿ. ಬೇಳೆ. ಹತ್ತು ರೂಪಾಯಿ ಪ್ಯಾಕೆಟ್ಟಿಗೆ ಯಾರೂ ಡಿಸ್ಕೌಂಟ್ ಕೊಡಲ್ಲ. ಹೀಗಾಗಿ ಕಡಿಮೆ ದುಡಿಯೋರು ಪೂರ್ತಿ ಎಂಆರ್‌ಪಿ ಕೊಡ್ತಾರೆ, ಹೆಚ್ಚು ದುಡಿಯೋ ನಾವು ನೂರಕ್ಕೆ ಹದಿನೈದು ಉಳಿಸ್ತೀವಿ.

ಮಾವನ ಅಂಗಡಿಯಲ್ಲಿ 'ಇಂದು ನಗದು, ನಾಳೆ ಉದ್ರಿ' ಅಂತ ಬೋರ್ಡ್ ಇದೆ. ಅದರ ಕೆಳಗೇ ಉದ್ರಿ ಪುಸ್ತಕವೂ ಇದೆ. ಗಾರ್ಮೆಂಟ್ಸಿಗೆ ಹೋಗೋರು, ಗಾರೆ ಕೆಲಸದವರು, ಆಟೋದವರು, ಎಲ್ಲರ ಹೆಸರೂ ಅದರಲ್ಲಿದೆ. ಬಡ್ಡಿ ಇಲ್ಲ. ಆಧಾರ್, ಸಿಬಿಲ್ ಸ್ಕೋರ್ ಕೇಳಲ್ಲ. "ಬರ್ಕೊಳ್ಳಿ" ಅಂದರೆ ಸಾಕು. ಬ್ಯಾಂಕಿನ ಭಾಷೆಯಲ್ಲಿ ಇದು ಭದ್ರತೆ ಇಲ್ಲದ ಸಣ್ಣ ಸಾಲ. ಇದಕ್ಕೆ ತಗಲೋ ಖರ್ಚು, ಮುಳುಗೋ ಬಾಕಿ ಎಲ್ಲ ಆ 22 ರೂಪಾಯಿ ಮಾರ್ಜಿನ್ ಒಳಗೇ ಇದೆ. ಹಾಗಾಗಿ 250 ಮತ್ತು 209 ಅಂತ ಎರಡು ಅಂಕಿ ಪಕ್ಕಪಕ್ಕ ಇಟ್ಟು ಹೋಲಿಸೋದು ಸರಿ ಅಲ್ಲ. ಒಂದರಲ್ಲಿ ಸೋಪಿನ ಪುಡಿ ಮಾತ್ರ ಇದೆ, ಇನ್ನೊಂದರಲ್ಲಿ ಸಾಲವೂ ಇದೆ.

ಸಂಬಳದವರೆಲ್ಲ ಸೂಪರ್ ಮಾರ್ಕೆಟ್ಟಿಗೆ ಹೋದರೆ ಏನಾಗುತ್ತೆ? ನಗದು ಕೊಟ್ಟು ದೊಡ್ಡ ಬಿಲ್ ಮಾಡೋರು ಹೋದರು, ಉದ್ರಿಯವರು ಮಾತ್ರ ಉಳಿದರು. ಇಷ್ಟು ದಿನ ನಮ್ಮ ನಗದೇ ಅವರ ಉದ್ರಿಯನ್ನ ತೂಗಿಸಿಕೊಂಡು ಹೋಗ್ತಿತ್ತು. ಆ ತೂಕ ತಪ್ಪಿದ ದಿನ ಮೊದಲು ಬಂದ್ ಆಗೋದು ಪುಸ್ತಕ, ಆಮೇಲೆ ಅಂಗಡಿ. ಮಾವ ಈಗ ಹೊಸಬರಿಗೆ ಉದ್ರಿ ಕೊಡ್ತಿಲ್ಲ.

ಹಾಗಂತ ಬೀದಿ ಅಂಗಡಿ ದೇವಸ್ಥಾನ ಅಲ್ಲ

ಇಷ್ಟು ಓದಿ ನಾನು ಮಾವನ ವಕಾಲತ್ತು ಮಾಡ್ತಿದ್ದೀನಿ ಅನ್ನಿಸಿದ್ದರೆ, ಇನ್ನೊಂದು ಮಗ್ಗುಲನ್ನೂ ಹೇಳಬೇಕು.

ಸಂವಿಧಾನದ 15ನೇ ವಿಧಿಯ ಎರಡನೇ ಖಂಡ ಓದಿ. ಧರ್ಮ, ಜಾತಿ, ಲಿಂಗದ ಕಾರಣಕ್ಕೆ ಯಾರಿಗೂ ಪ್ರವೇಶ ನಿರಾಕರಿಸಬಾರದು ಅನ್ನೋ ಜಾಗಗಳ ಪಟ್ಟಿಯಲ್ಲಿ ಮೊದಲು ಬರೋ ಪದವೇ 'ಅಂಗಡಿಗಳು'. ಸುಮ್ಮನೆ ಬರೆದಿದ್ದಲ್ಲ ಅದು. ದುಡ್ಡನ್ನ ಕಟ್ಟೆ ಮೇಲೆ ಇಡಿಸಿಕೊಂಡು, ಸಾಮಾನನ್ನ ಮೇಲಿಂದ ಕೈಗೆ ಹಾಕೋ ಅಂಗಡಿಗಳನ್ನ ಕಂಡವರ ನೆನಪು ನಮ್ಮ ಹಳ್ಳಿಗಳಲ್ಲಿ ಇನ್ನೂ ಹಸಿಯಾಗಿದೆ. ಉದ್ರಿ ಪುಸ್ತಕ ವಿಶ್ವಾಸದ ಪುಸ್ತಕವೂ ಹೌದು, ಯಾರನ್ನ ನಂಬಬೇಕು ಅನ್ನೋದನ್ನ ಜಾತಿ ನೋಡಿ ತೀರ್ಮಾನಿಸೋ ಪುಸ್ತಕವೂ ಹೌದು. ಸೂಪರ್ ಮಾರ್ಕೆಟ್ಟಿನಲ್ಲಿ ನೀವು ಯಾರ ಮಗ ಅಂತ ಯಾರೂ ಕೇಳಲ್ಲ. ಬುಟ್ಟಿ ಹಿಡಿದು ನಡೀತೀರಿ, ಬೇಕಾದ್ದು ಮುಟ್ಟಿ ನೋಡ್ತೀರಿ. ಎಷ್ಟೋ ಹೆಣ್ಣುಮಕ್ಕಳಿಗೆ ಸ್ಯಾನಿಟರಿ ಪ್ಯಾಡನ್ನ ಪೇಪರ್ ಸುತ್ತಿಸಿಕೊಳ್ಳದೆ ತಾವೇ ಆರಿಸಿ ತಗೊಳ್ಳೋ ಅವಕಾಶ ಸಿಕ್ಕಿದ್ದೂ ಅಲ್ಲೇ. ಈ ಬಿಡುಗಡೆಯನ್ನ ಕಡೆಗಣಿಸಿ 'ಬೀದಿ ಅಂಗಡಿಯ ಆತ್ಮೀಯತೆ' ಅಂತ ಕವಿತೆ ಬರೆದರೆ ಅದು ಅರ್ಧ ಸತ್ಯ.

ದುಡಿಮೆಯ ಲೆಕ್ಕವೂ ಹಾಗೇ. ಅತ್ತೆ ಮಧ್ಯಾಹ್ನ ಒಂದರಿಂದ ಐದರವರೆಗೆ ಅಂಗಡಿಯಲ್ಲಿ ಕೂರ್ತಾರೆ. ಅದಕ್ಕೆ ಮೊದಲು ಮನೆಯಲ್ಲಿ ಕಾಲು ಕೆ.ಜಿ. ಪೊಟ್ಟಣಗಳನ್ನ ಕಟ್ಟಿರ್ತಾರೆ. ಅವರಿಗೆ ಸಂಬಳ ಇಲ್ಲ. ಒಮ್ಮೆ ನಾನು ಕನಿಷ್ಠ ಕೂಲಿಯ ಲೆಕ್ಕದಲ್ಲಿ ಅವರ ಪಾಲನ್ನೂ ಖರ್ಚಿಗೆ ಸೇರಿಸಿ ನೋಡಿದೆ. ಅಂಗಡಿ ನಷ್ಟದಲ್ಲಿತ್ತು. ಮಾವನಿಗೆ ತೋರಿಸಿದೆ, "ಮನೆಯವರಿಗೆಂಥ ಸಂಬಳ ಕಣೋ" ಅಂದರು. ಅತ್ತೆ ಏನೂ ಅನ್ನದೆ ಆ ಹಾಳೆಯನ್ನ ಮಡಿಸಿ ಇಟ್ಟುಕೊಂಡರು.

ದೊಡ್ಡ ಮಳಿಗೆಯಲ್ಲಿ ಸಂಬಳ, ಪಿಎಫ್ ಇರಬಹುದು. ಆದರೆ ಬಟ್ಟೆ, ದಿನಸಿ ಮಳಿಗೆಗಳ ಕೆಲಸಗಾರರಿಗೆ ಕೂರೋಕೆ ಸ್ಟೂಲ್ ಕೊಡಿ ಅಂತ ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನನ್ನೇ ತಿದ್ದಬೇಕಾಯಿತು. ಆ್ಯಪ್‌ಗಳ ಡೆಲಿವರಿ ಹುಡುಗರ ಸಾಮಾಜಿಕ ಭದ್ರತೆಗೆ ಕರ್ನಾಟಕ 2025ರಲ್ಲಿ ಪ್ರತ್ಯೇಕ ಕಾನೂನು ತರಬೇಕಾಯಿತು. ಯಾವ ಕಡೆ ನೋಡಿದರೂ ಕಡಿಮೆ ಬೆಲೆಯ ಕೆಳಗೆ ಯಾರದೋ ಬೆನ್ನಿದೆ.

ಸರ್ಕಾರಕ್ಕೆ ಅಂಗಡಿ ಕಂಡಿದ್ದು ಯಾವಾಗ?

2025ರ ಜುಲೈ ನಿಮಗೆಲ್ಲ ನೆನಪಿರುತ್ತೆ. ಯುಪಿಐ ವಹಿವಾಟಿನ ಮಾಹಿತಿ ಇಟ್ಟುಕೊಂಡು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಬೇಕರಿ, ಟೀ ಅಂಗಡಿ, ಕಾಂಡಿಮೆಂಟ್ಸ್, ತರಕಾರಿ ಮಾರೋರಿಗೆ ಜಿಎಸ್‌ಟಿ ನೋಟಿಸ್ ಕಳಿಸಿತು. ಸರಕು ಮಾರೋರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡೋರಿಗೆ 20 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ ಅನ್ನೋದು ನಿಯಮ. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ 29 ಲಕ್ಷ ಕಟ್ಟಿ ಅಂತ ನೋಟಿಸ್ ಬಂತು, ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲದಿದ್ದರೂ! ಬೆಂಗಳೂರಿನ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಕಿತ್ತು 'ಕ್ಯಾಶ್ ಮಾತ್ರ' ಅಂತ ಚೀಟಿ ಅಂಟಿಸಿದರು. ಬಂದ್ ಕರೆಯೂ ಬಂತು. ಕೊನೆಗೆ ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸಭೆ ಕರೆದು, ಹಳೇ ಬಾಕಿ ವಸೂಲಿ ಮಾಡಲ್ಲ, ಮುಂದೆ ನೋಂದಣಿ ಮಾಡಿಸಿಕೊಳ್ಳಿ ಅಂದ ಮೇಲೆ ತಣ್ಣಗಾಯಿತು.

ತೆರಿಗೆ ಕಟ್ಟಬೇಕಾ? ಕಟ್ಟಬೇಕು. ಮಾವ ಕಾಂಪೊಸಿಷನ್ ಸ್ಕೀಮಿನಲ್ಲಿದ್ದಾರೆ. ಒಂದೂವರೆ ಕೋಟಿಯೊಳಗಿನ ವ್ಯಾಪಾರಿಗಳು ವಹಿವಾಟಿನ ಶೇ. 1 ಕಟ್ಟಿದರೆ ಆಯಿತು. ನನ್ನ ತಕರಾರು ಬೇರೆ. ಸಣ್ಣ ಅಂಗಡಿಯ ಪ್ರತಿ ಹತ್ತು ರೂಪಾಯಿ ಎಲ್ಲಿಂದ ಬಂತು ಅಂತ ನೋಡೋ ಸಾಮರ್ಥ್ಯ ಸರ್ಕಾರಕ್ಕೆ ಇದೆ ಅಂತ ಆ ಜುಲೈನಲ್ಲಿ ಗೊತ್ತಾಯಿತು. ಹಾಗಿದ್ದರೆ ಒಂದೇ ಪ್ಯಾಕೆಟ್ ಯಾರಿಗೆ ಎಷ್ಟು ರೇಟಿಗೆ ಹೋಗ್ತಿದೆ ಅಂತ ನೋಡೋದು ಕಷ್ಟವಾ? ಕಂಪನಿಯಿಂದ ಹೊರಡೋ ಪ್ರತಿ ಇನ್‌ವಾಯ್ಸ್ ಅದೇ ಜಿಎಸ್‌ಟಿ ಜಾಲದಲ್ಲೇ ಇದೆಯಲ್ಲ!

ಏನು ಕೇಳಬೇಕು?

"ಅಲ್ಲಿ ಕೊಳ್ಳಬೇಡಿ, ಇಲ್ಲಿ ಕೊಳ್ಳಿ" ಅಂತ ನಾನು ಹೇಳಲ್ಲ. ನಾನೇ ರಾತ್ರಿ ಹನ್ನೊಂದಕ್ಕೆ ಆ್ಯಪ್‌ನಲ್ಲಿ ಬ್ರೆಡ್ ತರಿಸೋನು. ಬಾಡಿಗೆ, ಫೀಸು, ಇಎಂಐ ನಡುವೆ 41 ರೂಪಾಯಿ ಉಳಿಸೋ ಅಮ್ಮನಿಗೆ ನೀತಿಪಾಠ ಹೇಳೋ ಹಕ್ಕು ಯಾರಿಗೂ ಇಲ್ಲ. ವ್ಯವಸ್ಥೆಯ ಪ್ರಶ್ನೆಯನ್ನ ಗ್ರಾಹಕರ ಮನಸ್ಸಾಕ್ಷಿ ಮೇಲೆ ಹೊರಿಸಿದಾಗ ವ್ಯವಸ್ಥೆ ಆರಾಮಾಗಿ ಇರುತ್ತೆ. ಕೇಳಬೇಕಿರೋದು ಮೇಲಿನವರನ್ನ.

ಒಂದು, ಖರೀದಿ ಬೆಲೆಯಲ್ಲಿ ಪಾರದರ್ಶಕತೆ. ಇಷ್ಟು ಪ್ರಮಾಣ ಕೊಂಡರೆ ಇಷ್ಟು ರಿಯಾಯಿತಿ ಅಂತ ಕಂಪನಿಗಳು ಬಹಿರಂಗವಾಗಿ ಹೇಳಲಿ, ಆ ಪ್ರಮಾಣ ಕೊಂಡ ಯಾರಿಗಾದರೂ ಅದು ಸಿಗಲಿ. ನಿಜವಾದ ಉಳಿತಾಯಕ್ಕೆ ರಿಯಾಯಿತಿ ಇರಲಿ, ತೋಳ್ಬಲಕ್ಕೆ ಬೇಡ. ಇದು ಅಸಾಧ್ಯ ಏನಲ್ಲ. ನಂದಿನಿ ಹಾಲನ್ನೇ ನೋಡಿ. ಕಮಿಷನ್ ಕಡಿಮೆ ಅಂತ ಮಾವ ಗೊಣಗ್ತಾರೆ, ಆದರೆ ಹಾಲಿನ ವಿಷಯದಲ್ಲಿ ಅವರಿಗೆ ಸೂಪರ್ ಮಾರ್ಕೆಟ್ ಭಯ ಇಲ್ಲ. ಪ್ಯಾಕೆಟ್ ಮೇಲಿನ ದರಕ್ಕೇ ಸಾಮಾನ್ಯವಾಗಿ ಎಲ್ಲರೂ ಮಾರೋದು.

ಎರಡು, ಸ್ಪರ್ಧಾ ಕಾಯ್ದೆಗೆ ತಿದ್ದುಪಡಿ. ಹೂಡಿಕೆದಾರರ ದುಡ್ಡಲ್ಲಿ ವರ್ಷಗಟ್ಟಲೆ ವೆಚ್ಚಕ್ಕಿಂತ ಕಡಿಮೆಗೆ ಮಾರೋದನ್ನ ತಡೆಯೋಕೆ 'ಪ್ರಬಲ ಸ್ಥಾನ' ಸಾಬೀತಾಗೋವರೆಗೂ ಕಾಯೋ ಹಾಗಿದ್ದರೆ, ಅಷ್ಟೊತ್ತಿಗೆ ಎದುರಾಳಿಯೇ ಉಳಿದಿರಲ್ಲ.

ಮೂರು, ಒಟ್ಟಾಗಿ ಕೊಳ್ಳೋದು. ಇದು ಅಂಗಡಿಯವರೇ ಮಾಡಬೇಕಾದ ಕೆಲಸ. 1905ರಲ್ಲಿ ಗದಗಿನ ಕಣಗಿನಹಾಳದಲ್ಲಿ ಕೃಷಿ ಸಹಕಾರ ಸಂಘ ಕಟ್ಟಿದ ನಾಡು ಇದು. ಒಂದು ತಾಲ್ಲೂಕಿನ ಇನ್ನೂರು ಅಂಗಡಿ ಒಂದು ಸಹಕಾರ ಸಂಘ ಮಾಡಿಕೊಂಡು ಒಂದೇ ಲಾರಿಯಲ್ಲಿ ಮಾಲು ತರಿಸಿದರೆ, ಆಗ ಅವರೂ 'ದೊಡ್ಡವರೇ'. ಕೇಂದ್ರದ ಒಎನ್‌ಡಿಸಿ ಸಣ್ಣ ಅಂಗಡಿಗಳನ್ನ ಆನ್‌ಲೈನಿಗೆ ತರೋಕೆ ಹೊರಟಿತು, ಒಳ್ಳೇದೇ. ಆದರೆ 228ಕ್ಕೆ ಕೊಂಡ ಮಾಲನ್ನ ಆ್ಯಪ್‌ನಲ್ಲಿ ಇಟ್ಟರೂ ಅದು 209 ಆಗಲ್ಲ. ರೋಗ ಇರೋದು ಖರೀದಿಯಲ್ಲಿ, ನಾವು ಔಷಧಿ ಕೊಡ್ತಿರೋದು ಮಾರಾಟಕ್ಕೆ.

ಇದರಿಂದ ಸೂಪರ್ ಮಾರ್ಕೆಟ್ಟಿನಲ್ಲಿ ಬೆಲೆ ಸ್ವಲ್ಪ ಏರಬಹುದಾ? ಕೆಲವಕ್ಕೆ ಏರಬಹುದು. ಅದನ್ನ ಮುಚ್ಚಿಡೋದು ಬೇಡ. 209 ಇರೋದು 215 ಆಗಬಹುದು, ಬೀದಿ ಅಂಗಡಿಯ 250 ಇಳಿದು 230 ಆಗಬಹುದು. ಕಾರಲ್ಲಿ ಹೋಗಿ ತರೋರಿಗೆ ಸ್ವಲ್ಪ ಜಾಸ್ತಿ, ನಡ್ಕೊಂಡು ಹೋಗಿ ತರೋರಿಗೆ ಸ್ವಲ್ಪ ಕಡಿಮೆ. ಯಾವುದು ನ್ಯಾಯ ಅನ್ನೋದು ರಾಜಕೀಯದ ಪ್ರಶ್ನೆ, ಅದನ್ನ ರಾಜಕೀಯವಾಗಿಯೇ ಕೇಳೋಣ.

ಆ ರಾತ್ರಿ ಅಂಗಡಿಯಲ್ಲಿ ಕೂತಿದ್ದಾಗ ಮಾವ ಸೂಪರ್ ಮಾರ್ಕೆಟ್ಟಿಂದ ತಂದ ಪ್ಯಾಕೆಟ್‌ಗಳನ್ನ ಒರೆಸಿ ಮುಂದಿನ ಸಾಲಿಗೆ ಜೋಡಿಸಿದರು. "235ಕ್ಕೆ ಕೊಡ್ತೀನಿ, ಹೋಗುತ್ತೆ" ಅಂದರು. ಒಂಬತ್ತು ಗಂಟೆ ಹೊತ್ತಿಗೆ ಪಕ್ಕದ ಬೀದಿಯ ಹುಡುಗಿ ಬಂದು ಅದೇ ಬ್ರಾಂಡಿನ ಹತ್ತು ರೂಪಾಯಿ ಪ್ಯಾಕೆಟ್ ಒಂದು ತಗೊಂಡು, "ಅಮ್ಮ ಬರ್ಕೊಳ್ಳೋಕೆ ಹೇಳಿದ್ರು ಅಂಕಲ್" ಅಂದಳು. ಮಾವ ಬರ್ಕೊಂಡರು.

ಮಾರನೇ ದಿನ ನಾನು ಬೆಂಗಳೂರಿಗೆ ಹೊರಟಾಗ ಬಸ್ ಸ್ಟ್ಯಾಂಡಿನ ತನಕ ಬಿಟ್ಟು ಹೇಳಿದರು: "ಮುಂದಿನ ಸಲ ಬರುವಾಗ ನಿನ್ನ ಫ್ರೆಂಡ್ಸ್ ಇಬ್ರನ್ನ ಕರ್ಕೊಂಡು ಬಾರೋ. ಒಬ್ರಿಗೆ ನಾಕು ಪ್ಯಾಕೆಟ್."